ಮಾರಿದ ಎತ್ತಿನ ಮೂಗುದಾರ



ಬೈಲಹೊಂಗಲದ ಸಂತೆಯಲ್ಲಿ ಒಬ್ಬನು ಎತ್ತನ್ನು ಮಾರಿ, ಪೂರ್ತಿ ಹಣ ಎಣಿಸಿಕೊಂಡು, "ಮೂಗುದಾರ ಮಾತ್ರ ನನ್ನ ಕೈಯಲ್ಲಿಯೇ ಇರುತ್ತದೆ" ಎಂದರೆ ನಮ್ಮ ರೈತರು ಸುಮ್ಮನಿರುವರೇ? ಡಿಜಿಟಲ್ ಸಂಗೀತದ ವ್ಯಾಪಾರದಲ್ಲಿ ಇದೇ ನಡೆದಿದೆ. ವಿದ್ಯಾವಂತರಾದ ನಾವು ಸುಮ್ಮನಿದ್ದೇವೆ.

ಈ ಮೂಗುದಾರದ ಹೆಸರು ಡಿಆರ್‌ಎಂ, ಅಂದರೆ ಡಿಜಿಟಲ್ ಹಕ್ಕುಗಳ ನಿರ್ವಹಣೆ. ಹಾಡಿಗೆ ಗೂಢಲಿಪಿಯ ಬೀಗ ಜಡಿದು, ಕೀಲಿಯನ್ನು ಮಾರಾಟಗಾರನ ಸರ್ವರ್‌ನಲ್ಲಿ ಇಡುತ್ತಾರೆ. ಕಂಪ್ಯೂಟರ್ ಬದಲಾಯಿಸಿದರೆ ಮತ್ತೆ ಅವನ ಅಪ್ಪಣೆ ಬೇಕು. ಅವನೇ ಅಂಗಡಿ ಮುಚ್ಚಿದರೆ? 2008ರಲ್ಲಿ ಮೈಕ್ರೋಸಾಫ್ಟ್ ತನ್ನ ಎಂಎಸ್‌ಎನ್ ಮ್ಯೂಸಿಕ್ ಗ್ರಾಹಕರಿಗೆ ಹೊಸ ಕೀಲಿ ಕೊಡುವುದನ್ನು ನಿಲ್ಲಿಸುವುದಾಗಿ ಸಾರಿತು. ಕೂಗೆದ್ದ ಮೇಲೆ 2011ರ ಕೊನೆಯವರೆಗೆ ಗಡುವು ಮುಂದೂಡಿತು. ಹಣ ತೆತ್ತವರಿಗೆ ದೊರೆತದ್ದು ವಾಯಿದೆಯೇ ಹೊರತು ಒಡೆತನವಲ್ಲ.

ಬೀಗವಿಲ್ಲದಿದ್ದರೆ ಕಲಾವಿದರ ಅನ್ನಕ್ಕೆ ಕಲ್ಲು ಬೀಳುತ್ತದೆ ಎನ್ನುವವರಿದ್ದಾರೆ. ಕಲಾವಿದರಿಗೆ ಸಲ್ಲಬೇಕಾದುದು ಸಲ್ಲಲೇಬೇಕು. ಆದರೆ ಕದ್ದ ಪ್ರತಿಗೆ ಬೀಗವೇ ಇರುವುದಿಲ್ಲ. ಬೀಗ ಬೀಳುವುದು ಹಣ ಕೊಟ್ಟ ಪ್ರಾಮಾಣಿಕನಿಗೆ. ಆಪಲ್ ಕಂಪನಿಯು 2009ರಲ್ಲಿ ಐಟ್ಯೂನ್ಸ್ ಹಾಡುಗಳ ಬೀಗ ತೆಗೆಯಿತು, ವ್ಯಾಪಾರ ಮುಳುಗಲಿಲ್ಲ. ಬೆಂಗಳೂರಿನ ಫ್ಲಿಪ್‌ಕಾರ್ಟ್ 2012ರಲ್ಲಿ ತೆರೆದ 'ಫ್ಲೈಟ್' ಬೀಗವಿಲ್ಲದ ಎಂಪಿ3 ಹಾಡುಗಳನ್ನೇ ಮಾರಿತು. ಆ ಅಂಗಡಿ 2013ರಲ್ಲಿ ಮುಚ್ಚಿತು. ಆದರೂ ಅಲ್ಲಿ ಕೊಂಡು ಜೋಪಾನ ಮಾಡಿದವರ ಹಾಡನ್ನು ಯಾರೂ ಕಸಿಯಲಾರರು.

ನಮ್ಮ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಸೇರಿದ 65ಎ ಕಲಮಿನಂತೆ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದವನಿಗೆ ಎರಡು ವರ್ಷದವರೆಗೆ ಸೆರೆ. ಅದೇ ಕಾಯಿದೆಯಂತೆ ಧ್ವನಿಮುದ್ರಣದ ಹಕ್ಕು, ಪ್ರಕಟವಾದ ಮರುವರ್ಷದಿಂದ 60 ವರ್ಷಕ್ಕೆ ತೀರುತ್ತದೆ. ಮಲ್ಲಿಕಾರ್ಜುನ ಮನ್ಸೂರರ 1930ರ ದಶಕದ ಗ್ರಾಮಫೋನ್ ಮುದ್ರಣಗಳ ಅವಧಿ ಎಂದೋ ಮುಗಿಯಿತು. ಹಕ್ಕಿಗೆ ಅವಧಿಯುಂಟು, ಬೀಗಕ್ಕಿಲ್ಲ! ಇದಾವ ನ್ಯಾಯ?

ಇಂದು ಚಂದಾ ಕಟ್ಟಿ ಆಪ್‌ನಲ್ಲಿ ಇಳಿಸಿಕೊಂಡ ಹಾಡು, ಚಂದಾ ನಿಂತ ಮೇಲೆ ಮೂಕವಾಗುತ್ತದೆ. ಅದು ಬಾಡಿಗೆ, ಒಪ್ಪೋಣ. ಬಾಡಿಗೆಯನ್ನು ಬಾಡಿಗೆಯೆಂದೇ ಕರೆಯಲಿ. ಮಾರಾಟವೆಂದರೆ ಕೀಲಿಯನ್ನೂ ಕೊಡಲಿ. ಬರಿಯ ಪರವಾನಗಿ ನೀಡುವವರು ಅದನ್ನು ಸ್ಪಷ್ಟವಾಗಿ ತಿಳಿಸದೆ 'ಕೊಳ್ಳಿರಿ' ಎನ್ನಬಾರದೆಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಜಾರಿಯಲ್ಲಿದೆ. ನಮ್ಮಲ್ಲೇಕೆ ಬೇಡ?

ಕಿತ್ತೂರು, ಸವದತ್ತಿ, ರಾಮದುರ್ಗಗಳ ಮನೆಗಳಲ್ಲಿ ಸಂಗ್ಯಾ-ಬಾಳ್ಯಾ ಸಣ್ಣಾಟದ ಕ್ಯಾಸೆಟ್ಟು ತಂದೆಯಿಂದ ಮಗನ ಕೈಗೆ ಬರುತ್ತಿತ್ತು. ಯಾರ ಅಪ್ಪಣೆಯೂ ಬೇಕಿರಲಿಲ್ಲ. ನೀವು ನಿಮ್ಮ ಮಕ್ಕಳಿಗೆ ಏನನ್ನು ಬಿಟ್ಟುಹೋಗುವಿರಿ? ಅವಧಿ ಮುಗಿದ ಪಾಸ್‌ವರ್ಡನ್ನೇ? ಕೊಳ್ಳುವ ಮುನ್ನ ಒಂದು ಪ್ರಶ್ನೆ ಕೇಳುವುದನ್ನು ರೂಢಿಸಿಕೊಳ್ಳಿರಿ: ಕೀಲಿ ಯಾರ ಬಳಿ ಇದೆ?