ಅಜ್ಜಿಗೆ ಕೋಪ ಬಂದಿರಲಿಲ್ಲ

ಮಕ್ಕಳೇ, ನಿಮ್ಮ ಕತ್ತಿನ ಮುಂಭಾಗದಲ್ಲಿ ಎರಡು ಬೆರಳಿಟ್ಟು ಒಮ್ಮೆ ಉಗುಳು ನುಂಗಿ. ಗಟ್ಟಿಯಾದದ್ದೇನೋ ಮೇಲೆ ಹೋಗಿ ಕೆಳಗಿಳಿಯಿತಲ್ಲ? ಅದು ಧ್ವನಿಪೆಟ್ಟಿಗೆ. ಅದರ ಕೆಳಗೆ ಶ್ವಾಸನಾಳವನ್ನು ಅಪ್ಪಿಕೊಂಡು, ರೆಕ್ಕೆ ಬಿಚ್ಚಿದ ಚಿಟ್ಟೆಯಂಥ ಒಂದು ಗ್ರಂಥಿ ಇದೆ. ಅದೇ ಥೈರಾಯ್ಡ್. ತೂಕ ಸುಮಾರು 20 ಗ್ರಾಂ. ನಾವು ತಿನ್ನುವ ಉಪ್ಪು, ಹಾಲುಗಳಲ್ಲಿರುವ ಅಯೋಡಿನ್ ಬಳಸಿ ಅದು ಹಾರ್ಮೋನ್ ತಯಾರಿಸುತ್ತದೆ. ಹೃದಯ ಎಷ್ಟು ಬೇಗ ಬಡಿಯಬೇಕು, ಮೈ ಎಷ್ಟು ಬೆಚ್ಚಗಿರಬೇಕು, ಮನಸ್ಸು ಎಷ್ಟು ಚುರುಕಾಗಿರಬೇಕು ಎಂಬುದರಲ್ಲೆಲ್ಲ ಈ ಹಾರ್ಮೋನಿನ ಪಾಲಿದೆ.

ನನ್ನ ಚಿಟ್ಟೆ ಈಗ ಇಲ್ಲ. ಅದರಲ್ಲಿ ಕ್ಯಾನ್ಸರ್ ಗಂಟು ಇದೆಯೆಂದು ತಿಳಿದಾಗ ಶಸ್ತ್ರಚಿಕಿತ್ಸೆ ಮಾಡಿ ಪೂರ್ತಿ ತೆಗೆದರು. ನನಗೆ ಬಂದದ್ದು 'ಪ್ಯಾಪಿಲ್ಲರಿ' ಎಂಬ ಬಗೆ. ಥೈರಾಯ್ಡ್ ಕ್ಯಾನ್ಸರಿನಲ್ಲಿ ಇದೇ ಹೆಚ್ಚು; ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುತ್ತದೆ, ಬಹುಪಾಲು ಜನ ಗುಣವಾಗುತ್ತಾರೆ. ನೋಡಲು ಬಂದವರೆಲ್ಲ "ಇದು ಒಳ್ಳೇ ಕ್ಯಾನ್ಸರಂತೆ, ಪುಣ್ಯವಂತರು ನೀವು" ಎಂದರು. ಪ್ರೀತಿಯಿಂದಲೇ ಹೇಳಿದ ಮಾತು. ಆದರೆ ಅದನ್ನು ಕೇಳಿದ ಮೇಲೆ ಅಳುವುದಕ್ಕೂ ಸಂಕೋಚವಾಗುತ್ತಿತ್ತು.

ಮುಂದಿನ ಹೆಜ್ಜೆ ವಿಕಿರಣ ಸೂಸುವ ಅಯೋಡಿನ್, ಅಂದರೆ ಅಯೋಡಿನ್-131. ಥೈರಾಯ್ಡ್ ಕಣಗಳಿಗೆ ಅಯೋಡಿನ್ ಎಂದರೆ ಆಸೆ. ಕತ್ತಿನಲ್ಲಿ ಅಳಿದುಳಿದ ಕಣಗಳು ಇದನ್ನು ನುಂಗಿ ತಾವೇ ನಾಶವಾಗುತ್ತವೆ. ಅವು ಚೆನ್ನಾಗಿ ಹಸಿದಿರಲಿ ಎಂದು ನನ್ನ ಥೈರಾಕ್ಸಿನ್ ಮಾತ್ರೆಯನ್ನು 4 ವಾರ ನಿಲ್ಲಿಸಿದರು. ಮಾತ್ರೆ ನಿಲ್ಲಿಸದೆ ಇಂಜೆಕ್ಷನ್ ಕೊಡುವ ಕ್ರಮವೂ ಇದೆ, ಆದರೆ ಅದು ದುಬಾರಿ. ಊಟದಲ್ಲೂ ಅಯೋಡಿನ್ ಕಡಿಮೆ ಇರಬೇಕು. ಹಾಗಾಗಿ ಅಯೋಡಿನ್ ಉಪ್ಪಿಲ್ಲ, ಹಾಲಿಲ್ಲ, ಮೊಸರಿಲ್ಲ. ಮೊಸರನ್ನವಿಲ್ಲದ ಊಟವನ್ನು ಊಟ ಎನ್ನುವುದು ಹೇಗೆ, ನೀವೇ ಹೇಳಿ!

ಎರಡನೇ ವಾರ ದಾಟುತ್ತಲೇ ಮೈ ತಣ್ಣಗಾಗತೊಡಗಿತು. ಏಪ್ರಿಲ್ ಬಿಸಿಲಿನಲ್ಲೂ ಶಾಲು ಹೊದ್ದು ಕೂರುತ್ತಿದ್ದೆ. ಮುಖ ಊದಿತು, ದನಿ ಒಡೆಯಿತು. ಆಮೇಲೆ ಮನಸ್ಸಿಗೇ ಕತ್ತಲು ಕವಿಯಿತು. ಸ್ನಾನಕ್ಕೆ ಏಳುವುದು ಬೆಟ್ಟ ಹತ್ತಿದ ಹಾಗೆ. ನಲವತ್ತು ವರ್ಷ ತಪ್ಪದೆ ಬಿಡಿಸಿದ ಪತ್ರಿಕೆಯ ಪದಬಂಧ ಹಾಗೇ ಉಳಿಯುತ್ತಿತ್ತು. ಒಂಬತ್ತು ವರ್ಷದ ಮೊಮ್ಮಗಳು ಶಾಲೆಯ ಸುದ್ದಿ ಹೇಳಿದರೆ ಕಿವಿಗೆ ಬಿದ್ದರೂ ಒಳಗೆ ಇಳಿಯುತ್ತಿರಲಿಲ್ಲ. ನಾನಿಲ್ಲದಿದ್ದರೆ ಮನೆಯವರ ಹೊರೆ ಇಳಿಯುತ್ತದೆ ಎಂಬ ಯೋಚನೆ ಬಂದು ಕೂತಿತು, ದಿನವೂ ಬರತೊಡಗಿತು.

ಒಂದು ಸಂಜೆ ಪುಟ್ಟಿ ಬಾಗಿಲ ಬಳಿಯೇ ನಿಂತು ಕೇಳಿದಳು: "ಅಜ್ಜೀ, ನಿಂಗೆ ನನ್ ಮೇಲೆ ಕೋಪಾನಾ?"

ಆ ರಾತ್ರಿಯೇ ಮಗ-ಸೊಸೆಯನ್ನು ಕೂರಿಸಿಕೊಂಡು ಎಲ್ಲ ಹೇಳಿದೆ, ಆ ಯೋಚನೆಯನ್ನೂ ಸೇರಿಸಿ. ಸೊಸೆ ನನ್ನ ಕೈ ಹಿಡಿದುಕೊಂಡಳೇ ಹೊರತು "ಧೈರ್ಯ ತಗೊಳ್ಳಿ" ಎನ್ನಲಿಲ್ಲ. ಬೆಳಿಗ್ಗೆಯೇ ಡಾಕ್ಟರಿಗೆ ಫೋನ್ ಮಾಡಿದೆವು. ಅವರಿಗೆ ಆಶ್ಚರ್ಯವಾಗಲಿಲ್ಲ. "ಹಾರ್ಮೋನ್ ಇಷ್ಟು ಇಳಿದಾಗ ಮನಸ್ಸೂ ಕುಸಿಯಬಹುದಮ್ಮ. ಜ್ವರ ಬಂದಾಗ ನಡುಗುತ್ತೀರಲ್ಲ, ಹಾಗೆ. ಆದರೆ ಇದನ್ನು ಸುಮ್ಮನೆ ಬಿಡೋದು ಬೇಡ" ಎಂದು ಅಂದೇ ಮನೋವೈದ್ಯರ ಬಳಿ ಕಳಿಸಿದರು. ಆ ತಾಯಿ ನಿದ್ದೆ, ಊಟದ ಬಗ್ಗೆ ಕೇಳಿದಷ್ಟೇ ಸಲೀಸಾಗಿ, ಬದುಕುವ ಆಸೆ ಇದೆಯೇ ಎಂದೂ ಕೇಳಿದರು. ಮಾತ್ರೆ ಬರೆದರು, ವಾರಕ್ಕೊಮ್ಮೆ ಬರಹೇಳಿದರು. ಒಬ್ಬಳನ್ನೇ ಬಿಡಬೇಡಿ ಎಂದು ಮಗನಿಗೂ ತಿಳಿಸಿದರು.

ಆದರೆ ಅಯೋಡಿನ್ ಕೊಟ್ಟ ಮೇಲೆ ಒಬ್ಬಳೇ ಇರಲೇಬೇಕಲ್ಲ! ಆಸ್ಪತ್ರೆಯ ಆ ಕೋಣೆಗೆ ಯಾರೂ ಬರುವಂತಿಲ್ಲ. ಅದಕ್ಕೇ ಹೊತ್ತು ಹೊತ್ತಿಗೆ ಯಾರು ಫೋನ್ ಮಾಡಬೇಕೆಂದು ಮೊದಲೇ ಗೊತ್ತುಮಾಡಿಕೊಂಡೆವು. ಮನೋವೈದ್ಯರದೂ ಒಂದು ಸರದಿ ಇತ್ತು. ಮನೆಗೆ ಬಂದ ಮೇಲೂ ಕೆಲವು ದಿನ ಮಕ್ಕಳಿಂದ ದೂರ. ಅಯೋಡಿನ್-131ರ ಶಕ್ತಿ 8 ದಿನಕ್ಕೆ ಅರ್ಧವಾಗುತ್ತದೆ, ಇನ್ನೊಂದು 8 ದಿನಕ್ಕೆ ಅದರಲ್ಲೂ ಅರ್ಧ. ಮೂತ್ರದಲ್ಲೂ ಬಹಳಷ್ಟು ಹೊರಹೋಗುವುದರಿಂದ ಮೈಯಲ್ಲಿ ಇನ್ನೂ ಬೇಗ ಕಡಿಮೆಯಾಗುತ್ತದೆ. ಪುಟ್ಟಿಗೆ ಇದನ್ನು ಹುಣಸೆಬೀಜ ಇಟ್ಟು ಅವಳಪ್ಪ ತೋರಿಸಿದ: 16, 8, 4, 2. ಅವಳು ಹಜಾರದ ಆ ತುದಿಯಲ್ಲಿ ಚೌಕಾಬಾರದ ಮನೆ ಬರೆದು ಕೂತಳು. ಕವಡೆ ಅವಳೇ ಹಾಕುವುದು, ನನ್ನ ಕಾಯಿಯನ್ನೂ ಅವಳೇ ನಡೆಸುವುದು. ಪ್ರತಿ ಸಲ ಗೆದ್ದದ್ದೂ ಅವಳೇ!

ಥೈರಾಕ್ಸಿನ್ ಮತ್ತೆ ಶುರುವಾಯಿತು. ಕತ್ತಲು ಒಂದೇ ದಿನಕ್ಕೆ ಹರಿಯಲಿಲ್ಲ, ವಾರಗಳು ಬೇಕಾದವು. ಒಂದು ಬೆಳಿಗ್ಗೆ ಪಕ್ಕದ ಮನೆಯ ಕಾಫಿ ಘಮ ಮೂಗಿಗೆ ಬಡಿದು, ನನಗೂ ಬೇಕು ಅನ್ನಿಸಿತು. ಎಷ್ಟೋ ದಿನದ ಮೇಲೆ ಏನೋ ಬೇಕು ಅನ್ನಿಸಿದ್ದು ಅದೇ ಮೊದಲು. ಮನಸ್ಸಿನ ಮಾತ್ರೆಯನ್ನು ಡಾಕ್ಟರು ಹೇಳಿದಷ್ಟು ತಿಂಗಳು ತೆಗೆದುಕೊಂಡೆ. ಥೈರಾಕ್ಸಿನ್ ಮಾತ್ರ ಜೀವನಪೂರ್ತಿ: ಬೆಳಿಗ್ಗೆ ಖಾಲಿ ಹೊಟ್ಟೆಗೆ, ಬರೀ ನೀರಿನ ಜೊತೆ. ಕಾಫಿ ಅರ್ಧ ಗಂಟೆ ಕಾಯಬೇಕು.

ನನ್ನ ವಾರಿಗೆಯ ಅಜ್ಜ-ಅಜ್ಜಿಯರೇ, ಮಂಡಿ ನೋವನ್ನು ಹತ್ತು ಜನಕ್ಕೆ ಹೇಳುವ ನಾವು ಮನಸ್ಸಿನ ನೋವನ್ನು ಒಬ್ಬರಿಗಾದರೂ ಹೇಳೋಣ. ಮನೆಯಲ್ಲಿ ಹೇಳಲಾಗದಿದ್ದರೆ ಸರ್ಕಾರದ 'ಟೆಲಿ ಮಾನಸ್' ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮೊಮ್ಮಕ್ಕಳಿಗೂ "ನನಗೆ ಹುಷಾರಿಲ್ಲ ಮರಿ, ನಿನ್ನಿಂದ ಅಲ್ಲ" ಎಂದಿಷ್ಟು ಹೇಳಿ.

ಮಕ್ಕಳೇ, ನಿಮ್ಮ ಅಜ್ಜಿಯೋ ತಾತನೋ ಮಾತು ಬಿಟ್ಟು ಮೂಲೆ ಹಿಡಿದರೆ ಅದು ನಿಮ್ಮ ತಪ್ಪಲ್ಲ. ಅವರನ್ನು ನಗಿಸಲೇಬೇಕೆಂದೂ ಇಲ್ಲ. ಪುಟ್ಟಿ ಕೇಳಿದ ಹಾಗೆ ಒಂದು ಮಾತು ಕೇಳಿ, ಅಪ್ಪ ಅಮ್ಮನಿಗೂ ತಿಳಿಸಿ, ಸುಮ್ಮನೆ ಹತ್ತಿರ ಕೂತಿರಿ. ಬರುವ ವಾರ ಸಿಗೋಣ.