ಎಚ್ಚರಿಕೆಯ ಬಾಯಿ ಕಟ್ಟಬಾರದು

ದೂರವಾಣಿ ಕರೆಗಳನ್ನು ಜೋಡಿಸುವ ಕೆಲಸವನ್ನು ಹಿಂದೆ ವಿನಿಮಯ ಕೇಂದ್ರದ ಫಲಕದ ಮುಂದೆ ಕುಳಿತ ಆಪರೇಟರುಗಳು ಮಾಡುತ್ತಿದ್ದರು. ಇಂದು ಎಷ್ಟೋ ಕಚೇರಿಗಳಲ್ಲಿ ಸರ್ವರ್ ಎಂಬ ಗಣಕಯಂತ್ರ ಅದನ್ನು ನಿರ್ವಹಿಸುತ್ತದೆ. ತಾನು ಮಾಡಿದುದನ್ನೂ ಕಂಡುದನ್ನೂ ಲಾಗ್ ಎಂಬ ದಿನಚರಿಯಲ್ಲಿ ಬರೆದಿಡುತ್ತದೆ. 1999ರಲ್ಲಿ ಅಮೆರಿಕದ ಮಾರ್ಕ್ ಸ್ಪೆನ್ಸರ್ ಆರಂಭಿಸಿದ ಆಸ್ಟೆರಿಸ್ಕ್ ಎಂಬ ತಂತ್ರಾಂಶದಲ್ಲಿ ಈ ಬರಹಕ್ಕೆ ಸೂಚನೆ, ಎಚ್ಚರಿಕೆ, ದೋಷ ಮೊದಲಾದ ದರ್ಜೆಗಳುಂಟು. ಎಚ್ಚರಿಕೆಗಳೇ ಸಾವಿರಗಟ್ಟಲೆಯಾಗಿ ದಿನಚರಿಯನ್ನು ತುಂಬಿದರೆ ಮಾಡುವುದೇನು? ಆ ದರ್ಜೆಯ ಬರಹವನ್ನೇ ನಿಲ್ಲಿಸುವುದು ಬಹು ಸುಲಭ. ವ್ಯವಸ್ಥೆಯ ಕಡತದಲ್ಲಿ ಒಂದು ಪದವನ್ನು ಅಳಿಸಿದರೆ ಸಾಕು. ಈ ಸುಲಭೋಪಾಯವನ್ನು ನಾವು ಒಪ್ಪಲಾರೆವು.

ಒಂದು ಉದಾಹರಣೆಯನ್ನು ನೋಡೋಣ. ಕರೆ ಸೇರುತ್ತದೆ, ಮಾತು ನಡೆಯುತ್ತದೆ, ಸುಮಾರು 32 ಸೆಕೆಂಡುಗಳಾದೊಡನೆ ತಾನಾಗಿ ಕಡಿದುಹೋಗುತ್ತದೆ. ಮರುರವಾನೆಯ ಅವಧಿ ಮುಗಿಯಿತೆಂಬ ಎಚ್ಚರಿಕೆ ದಿನಚರಿಯಲ್ಲಿ ಮೂಡುತ್ತದೆ. 2002ರಲ್ಲಿ ಪ್ರಕಟವಾದ ಸಿಪ್ ನಿಯಮಾವಳಿಯ ಪ್ರಕಾರ, ಕರೆಯನ್ನು ಸ್ವೀಕರಿಸಿದ ಸರ್ವರ್ ಒಪ್ಪಿಗೆಯ ಸಂದೇಶವನ್ನು ಕಳುಹಿಸಿ, ಅದು ತಲುಪಿತೆಂಬ ಉತ್ತರಕ್ಕಾಗಿ ಕಾಯಬೇಕು. ಉತ್ತರ ಬಾರದಿದ್ದರೆ ಅರ್ಧ ಸೆಕೆಂಡಿನ ಬಳಿಕ, ಅನಂತರ ಒಂದು, ಎರಡು, ನಾಲ್ಕು ಸೆಕೆಂಡುಗಳ ಅಂತರದಲ್ಲಿ ಅದನ್ನೇ ಮತ್ತೆ ಮತ್ತೆ ಕಳುಹಿಸಬೇಕು. ಅರ್ಧ ಸೆಕೆಂಡಿನ 64 ಪಟ್ಟು, ಎಂದರೆ 32 ಸೆಕೆಂಡು ಕಳೆದರೂ ಉತ್ತರವಿಲ್ಲವಾದರೆ ಕರೆಯನ್ನು ಮುಗಿಸಬೇಕು.

ಉತ್ತರವೇಕೆ ಬರಲಿಲ್ಲ? ಅನೇಕ ವೇಳೆ, ಕಚೇರಿಯ ಒಳಜಾಲದಲ್ಲಿರುವ ಸರ್ವರ್ ಹೊರಗಿನವರಿಗೂ ತನ್ನ ಒಳವಿಳಾಸವನ್ನೇ ಕೊಟ್ಟಿರುತ್ತದೆ. ಓಣಿಯವರಿಗಷ್ಟೇ ಗೊತ್ತಿರುವ ಅಡ್ಡಹೆಸರನ್ನು ಪರಸ್ಥಳದವರಿಗೆ ವಿಳಾಸವಾಗಿ ಕೊಟ್ಟಂತೆ! ಹೊರವಿಳಾಸವನ್ನು ಸರಿಯಾಗಿ ನಮೂದಿಸಿದರೆ ಎಚ್ಚರಿಕೆಯೂ ನಿಲ್ಲುತ್ತದೆ, ಕರೆಯೂ ಉಳಿಯುತ್ತದೆ. ಬರಹವನ್ನಷ್ಟೇ ನಿಲ್ಲಿಸಿದ್ದರೆ ಕರೆ ಮೊದಲಿನಂತೆಯೇ ಕಡಿಯುತ್ತಿತ್ತು. ಕಾರಣದ ಸುಳಿವು ಮಾತ್ರ ಇಲ್ಲವಾಗುತ್ತಿತ್ತು.

ಹಾಗೆಂದು ಎಚ್ಚರಿಕೆಗಳನ್ನು ಬೆಳೆಯಬಿಡುವುದೂ ಸಲ್ಲದು. ದಿನಾ ಸಾಯುವವರಿಗೆ ಅಳುವವರಾರು? 2014ರ ಏಪ್ರಿಲ್‌ನಲ್ಲಿ ಅಮೆರಿಕದ ಕೊಲೊರಾಡೊ ರಾಜ್ಯದ ಎಂಗಲ್‌ವುಡ್‌ನಲ್ಲಿದ್ದ ತುರ್ತುಕರೆಗಳ ಕೇಂದ್ರವೊಂದರಲ್ಲಿ, ಕರೆಗಳಿಗೆ ಕ್ರಮಸಂಖ್ಯೆ ಕೊಡುವ ಎಣಿಕೆ ತನಗೆ ಗೊತ್ತುಮಾಡಿದ್ದ ಮಿತಿಯನ್ನು ಮುಟ್ಟಿ ನಿಂತುಬಿಟ್ಟಿತು. ಏಳು ರಾಜ್ಯಗಳಲ್ಲಿ 6,600ಕ್ಕೂ ಹೆಚ್ಚು ತುರ್ತುಕರೆಗಳು ವಿಫಲವಾದವು. ಯಂತ್ರ ಎಚ್ಚರಿಸದೆ ಇರಲಿಲ್ಲ. ಆ ಎಚ್ಚರಿಕೆಯನ್ನು ಕೆಳದರ್ಜೆಗೆ ಸೇರಿಸಿದ್ದುದರಿಂದ ಅದು ಸಕಾಲಕ್ಕೆ ಗಮನಕ್ಕೆ ಬರಲಿಲ್ಲವೆಂದು ಆ ದೇಶದ ಸಂಪರ್ಕ ಆಯೋಗದ ತನಿಖೆಯಿಂದ ತಿಳಿದುಬಂದಿತು. ಅಪಘಾತ, ಹೃದಯಾಘಾತಗಳ ನಡುವೆ ನೆರವು ಬೇಡಿದವರ ಕೂಗು ಹೀಗೆ ವ್ಯರ್ಥವಾಯಿತು.

ಆದುದರಿಂದ ಮೊದಲು ಯಾವ ಎಚ್ಚರಿಕೆ ಅತಿ ಹೆಚ್ಚು ಬಾರಿ ಬಂದಿದೆಯೆಂದು ಎಣಿಸಬೇಕು; ಅದರ ಕಾರಣವನ್ನು ಹುಡುಕಿ ನಿವಾರಿಸಬೇಕು; ಅನಂತರ ಮುಂದಿನದಕ್ಕೆ ಕೈಹಾಕಬೇಕು. ನಿರಪಾಯವೆಂದು ಕಾರಣಸಹಿತ ಖಚಿತವಾದುದನ್ನು ಮಾತ್ರ ಕೆಳದರ್ಜೆಗೆ ಇಳಿಸಬಹುದು. ಇದು ಶ್ರಮದ ಕೆಲಸವೇ ಸರಿ. ಆದರೆ ನಾಳೆ ಇಂತಹ ಯಂತ್ರಗಳ ಹೊಣೆ ಹೊರಲಿರುವ ವಿದ್ಯಾರ್ಥಿಗಳು ದಿನಚರಿಯನ್ನು ಓದುವ ಅಭ್ಯಾಸವನ್ನು ಇಂದೇ ಬೆಳೆಸಿಕೊಂಡರೆ, ಸಹಾಯಕ್ಕಾಗಿ ಕರೆಯುವ ಯಾರದೋ ದನಿ ತಲುಪಬೇಕಾದಲ್ಲಿಗೆ ತಲುಪೀತು.