ಅಟ್ಟ ಸೇರುವ ಪಿಟೀಲು

ಹತ್ತನೇ ತರಗತಿ ಬಂತೆಂದರೆ ಮೈಸೂರಿನ ಎಷ್ಟೋ ಮನೆಗಳಲ್ಲಿ ಎರಡು ವಸ್ತುಗಳು ಮುಚ್ಚಿಕೊಳ್ಳುತ್ತವೆ. ಒಂದು ಟೀವಿ, ಇನ್ನೊಂದು ಪಿಟೀಲಿನ ಪೆಟ್ಟಿಗೆ. ಪರೀಕ್ಷೆ ಮುಗಿದ ಸಂಜೆಯೇ ಟೀವಿ ಮತ್ತೆ ಮಾತಾಡುತ್ತದೆ. ಪಿಟೀಲು ಮಾತ್ರ ಅಟ್ಟದಿಂದ ಇಳಿಯುವುದು ಅಪರೂಪ. ನನ್ನದೂ ಇಳಿಯಲಿಲ್ಲ. ‘ಪರೀಕ್ಷೆ ಮುಗಿಯಲಿ’ ಎಂದಿದ್ದರು ಅಪ್ಪ. ಪರೀಕ್ಷೆಗಳು ಒಂದರ ಹಿಂದೊಂದು ಬಂದವು. ಕಮಾನಿನ ಕೂದಲನ್ನು ಹುಳು ತಿಂದುಹಾಕಿತ್ತು.

ಸರಸ್ವತಿಪುರಂನ ತಾಯಿಯೊಬ್ಬರು ಮೊನ್ನೆ ಇದೇ ಮಾತು ತೆಗೆದರು. ಮಗಳು ಏಳು ವರ್ಷದಿಂದ ಪಾಶ್ಚಾತ್ಯ ಪದ್ಧತಿಯ ವಯೊಲಿನ್ ಕಲಿಯುತ್ತಿದ್ದಾಳೆ. ಗ್ರೇಡ್ ಪರೀಕ್ಷೆಗಳನ್ನೂ ಪಾಸು ಮಾಡಿದ್ದಾಳೆ. ಈಗ ಗೆಳತಿಯರೊಡನೆ ಚೇಂಬರ್ ಆರ್ಕೆಸ್ಟ್ರಾ ಕಟ್ಟುತ್ತೇನೆ, ದಸರಾ ಹೊತ್ತಿಗೆ ಒಂದೆರಡು ಕಛೇರಿ ಮಾಡುತ್ತೇವೆ ಎನ್ನುತ್ತಾಳಂತೆ. “ಅವಳೊಬ್ಬಳೇ ಮನೇಲಿ ನುಡಿಸಿಕೊಂಡರೆ ಸಾಲದೇ ಸಾರ್? ಅದೂ ಎಸ್ಸೆಸ್ಸೆಲ್ಸಿ ವರ್ಷ!”

ಆರ್ಕೆಸ್ಟ್ರಾ ಎಂದೊಡನೆ ನಮಗೆ ಗಣೇಶನ ಪೆಂಡಾಲು, ಸಿನಿಮಾ ಹಾಡು ನೆನಪಾಗುತ್ತವೆ. ಇದು ಅದಲ್ಲ. ಹದಿನೈದರಿಂದ ಇಪ್ಪತ್ತೈದು ಜನರ ಸಣ್ಣ ತಂಡ, ಬಹುಪಾಲು ತಂತಿವಾದ್ಯಗಳು. ವಯೊಲಿನ್, ಅದರ ಅಕ್ಕನಂತಿರುವ ವಯೊಲಾ, ಕುರ್ಚಿಯಲ್ಲಿ ಕುಳಿತು ಮೊಣಕಾಲುಗಳ ನಡುವೆ ಹಿಡಿಯುವ ಚೆಲ್ಲೊ, ಆಳೆತ್ತರದ ಡಬಲ್ ಬೇಸ್. ಇಲ್ಲಿ ಎಲ್ಲರ ಕಮಾನೂ ಒಂದೇ ದಿಕ್ಕಿಗೆ ಎಳೆಯಬೇಕು. ತನ್ನ ಸರದಿ ಬರುವ ತನಕ ಸುಮ್ಮನಿರಬೇಕು. ಆ ಸುಮ್ಮನಿರುವುದನ್ನೂ ಎಣಿಸುತ್ತಿರಬೇಕು. ಒಬ್ಬಳೇ ನುಡಿಸುವ ಹುಡುಗಿಗೆ ಇದನ್ನು ಯಾವ ಗ್ರೇಡೂ ಪೂರ್ತಿ ಕಲಿಸುವುದಿಲ್ಲ. ಎಡವಿದರೆ ಅವಳು ನಿಂತು ಮತ್ತೆ ಶುರುಮಾಡಬಹುದು. ತಂಡದಲ್ಲಿ ಸಂಗೀತ ಅವಳನ್ನು ಬಿಟ್ಟು ಮುಂದೆ ಹೋಗಿರುತ್ತದೆ, ಓಡಿ ಹಿಡಿಯಬೇಕು.

ಮೈಸೂರಿನಲ್ಲಿ ಇನ್ನೊಂದು ತೊಡಕಿದೆ. ಇಲ್ಲಿ ಪಿಟೀಲು ಕಲಿಯುವ ಮಕ್ಕಳಲ್ಲಿ ಕರ್ನಾಟಕ ಸಂಗೀತದವರೇ ಹೆಚ್ಚು. ಅವರು ನೆಲದಲ್ಲಿ ಕುಳಿತು, ವಾದ್ಯದ ತುದಿಯನ್ನು ಬಲಗಾಲಿನ ಹರಡಿನ ಮೇಲಿಟ್ಟು, ತಮ್ಮ ಶ್ರುತಿಗೆ ಸ-ಪ-ಸ-ಪ ಎಂದು ತಂತಿ ಕೂಡಿಸುತ್ತಾರೆ. ಪಾಶ್ಚಾತ್ಯ ಪದ್ಧತಿಯವರ ನಾಲ್ಕು ತಂತಿಗಳ ಶ್ರುತಿ ಮೊದಲೇ ಗೊತ್ತುಮಾಡಿದ್ದು. ನಡುವಿನ ಎರಡು ತಂತಿಗಳ ಅಂತರವೂ ಬೇರೆ. ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದರೆ ಮೊದಲ ಅರ್ಧ ಗಂಟೆ ಶ್ರುತಿ ಕೂಡಿಸುವುದರಲ್ಲೇ ಕಳೆಯುತ್ತದೆ. ಕಳೆಯಲಿ ಬಿಡಿ. ಏಳು ತಂತಿಯ ಪಿಟೀಲು ನುಡಿಸಿದ ಚೌಡಯ್ಯನವರ ಊರಿದು. ವಾದ್ಯದೊಡನೆ ಜಗಳವಾಡುವುದು ಇಲ್ಲಿ ಹೊಸದಲ್ಲ.

ಹಾಗೆ ನೋಡಿದರೆ ಈ ಸಂಗೀತವೂ ನಮಗೆ ಹೊಸದಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಯಲ್ಲಿ ಕರ್ನಾಟಕ ವಾದ್ಯವೃಂದದ ಜೊತೆಗೇ ಪಾಶ್ಚಾತ್ಯ ವಾದ್ಯವೃಂದವೂ ಇತ್ತು. ಅದನ್ನು ನಡೆಸಿದವರಲ್ಲಿ ಜರ್ಮನಿಯ ಆಟೊ ಶ್ಮಿಟ್ ಒಬ್ಬರು. ಆ ಪರಂಪರೆಯ ತುಣುಕನ್ನು ದಸರೆಯಲ್ಲಿ ಅರಮನೆಯ ಮುಂದೆ ಪೊಲೀಸ್ ವಾದ್ಯವೃಂದದಲ್ಲಿ ಇಂದಿಗೂ ಕೇಳಬಹುದು.

ಜಯಚಾಮರಾಜ ಒಡೆಯರ ಕಥೆಯನ್ನಂತೂ ಮಕ್ಕಳಿಗೆ ಹೇಳಲೇಬೇಕು. ಪಿಯಾನೊ ವಾದಕನಾಗಬೇಕೆಂಬ ಆಸೆಯಿದ್ದ ಹುಡುಗ. 1940ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ತಂದೆಯೂ ದೊಡ್ಡಪ್ಪನೂ ತೀರಿಕೊಂಡರು. ಇಪ್ಪತ್ತೊಂದರ ಹರೆಯದಲ್ಲಿ ಸಿಂಹಾಸನ ಬಂತು, ಪಿಯಾನೊದ ಕನಸು ಹೋಯಿತು. ಆದರೆ ಅವರು ಅದನ್ನು ಅಟ್ಟಕ್ಕೆ ಹಾಕಲಿಲ್ಲ. 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ರಷ್ಯಾದ ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ಕಾಯಿಲೆ, ಬಡತನಗಳಲ್ಲಿ ಮುದಿಯಾಗುತ್ತಿದ್ದಾಗ ಅವರ ಕೃತಿಗಳನ್ನು ಧ್ವನಿಮುದ್ರಿಸಲು ಹಣ ಕೊಟ್ಟರು. ಮೆಟ್ನರ್ ತಮ್ಮ ಮೂರನೇ ಪಿಯಾನೊ ಕನ್ಸರ್ಟೊವನ್ನು ಅರ್ಪಿಸಿದ್ದು ಮೈಸೂರು ಮಹಾರಾಜರಿಗೆ. ರಿಚರ್ಡ್ ಸ್ಟ್ರೌಸ್ ಕಡೆಗಾಲದಲ್ಲಿ ಬರೆದ ನಾಲ್ಕು ಹಾಡುಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲು ಕೇಳಿಸಿದಾಗಲೂ ಬೆನ್ನಿಗಿದ್ದ ಹಣ ನಮ್ಮೂರಿನದೇ. ಇತ್ತ ವೀಣೆಯನ್ನೂ ಕಲಿತು 94 ಕೃತಿಗಳನ್ನು ರಚಿಸಿದರು.

‘ಅವರಿಗೇನು, ಮಹಾರಾಜರು’ ಎನ್ನುತ್ತೀರಿ. ನಿಜ. ನಮ್ಮ ಮಕ್ಕಳಿಗೆ ಬೇಕಿರುವುದು ಖಜಾನೆಯಲ್ಲ, ಒಂದು ಕೋಣೆ, ಒಂದು ಡಜನ್ ಕುರ್ಚಿ, ವಾರಕ್ಕೊಮ್ಮೆ ಒಂದೂವರೆ ಗಂಟೆ. ಶಾಲೆಯ ಸಭಾಂಗಣ ಭಾನುವಾರ ಬೀಗ ಹಾಕಿಕೊಂಡೇ ಇರುತ್ತದಲ್ಲ, ಮುಖ್ಯೋಪಾಧ್ಯಾಯರನ್ನು ಪೋಷಕರೇ ಹೋಗಿ ಕೇಳಬಹುದು.

ಆ ತಾಯಿಗೆ ಹೇಳಿದೆ: ಡಿಸೆಂಬರ್ ಕೊನೆಯವರೆಗೆ ಭಾನುವಾರದ ತಾಲೀಮು ನಡೆಯಲಿ, ಆಮೇಲೆ ನಿಲ್ಲಿಸಿ. ಆದರೆ ಪರೀಕ್ಷೆ ಮುಗಿದ ಮಾರನೆಯ ಭಾನುವಾರದ ತಾಲೀಮನ್ನು ಈಗಲೇ ಕ್ಯಾಲೆಂಡರಿನಲ್ಲಿ ಬರೆದಿಡಿ, ನಿಮ್ಮ ಕೈಯಿಂದಲೇ. ಅವರು ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ. ಗೇಟಿನವರೆಗೆ ಹೋದವರು ತಿರುಗಿ ಬಂದರು.

“ಅದೇನೋ ವಯೊಲಾ ಅಂದ್ರಲ್ಲ, ಅದನ್ನ ನುಡಿಸೋ ಹುಡುಗರು ಯಾರೂ ಸಿಕ್ಕಿಲ್ಲವಂತೆ ಇವರಿಗೆ. ನಿಮಗೆ ಗೊತ್ತಿರೋರು ಯಾರಾದ್ರೂ ಇದ್ದಾರಾ ಸಾರ್?”